ಹೇಮಾವತಿ ಹಿನ್ನೀರಿಗೆ ಮೊದಲ ಕಯಾಕ್: ಯಾವುದನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಬೇಲೂರಿನ ಬಳಿಯ ಯಗಚಿ ಜಲಾಶಯದಲ್ಲಿ ಬಾಡಿಗೆ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಹತ್ತಿದ ಮೇಲೆ ಸ್ವಂತದ್ದೊಂದನ್ನು ಕೊಳ್ಳಬೇಕೆಂದು ನಿರ್ಧರಿಸಿದ್ದೇನೆ. ವೇಗವಾಗಲಿ ಸಾಹಸವಾಗಲಿ ನನಗೆ ಬೇಕಿಲ್ಲ. ಬೆಳಗಿನ ಹೊತ್ತು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲೋ ಊರಿನ ಸುತ್ತಲಿನ ದೊಡ್ಡ ಕೆರೆಗಳಲ್ಲೋ ನಿಧಾನವಾಗಿ ಹುಟ್ಟು ಹಾಕುತ್ತಾ ಹಕ್ಕಿಗಳನ್ನು ನೋಡುವಂತಿದ್ದರೆ ಸಾಕು.

ನನ್ನ ತೂಕ 82 ಕಿಲೋ. ಹನ್ನೆರಡು ವರ್ಷದ ಮಗಳು ಆಗಾಗ ಜೊತೆಗೆ ಬರುತ್ತಾಳೆ, ಅವಳ ತೂಕ 38 ಕಿಲೋ. ಇಬ್ಬರಿಗೂ ಈಜು ಬರುತ್ತದೆ. ಬಹಳ ಹೊತ್ತು ಒಂದೇ ಕಡೆ ಕುಳಿತರೆ ನನಗೆ ಸೊಂಟ ಹಿಡಿದುಕೊಳ್ಳುತ್ತದೆ. ಮನೆ ಮೊದಲ ಮಹಡಿಯಲ್ಲಿದೆ, ಕಾರು ಚಿಕ್ಕದು. ಅಂತರ್ಜಾಲದಲ್ಲಿ ಹುಡುಕಿದರೆ ಒಳಗೆ ಕೂರುವಂಥದ್ದು, ಮೇಲೆ ಕೂರುವಂಥದ್ದು, ಗಾಳಿ ತುಂಬುವಂಥದ್ದು ಎಂದು ಹಲವು ಬಗೆಗಳು ಕಾಣುತ್ತವೆ. ನನ್ನ ಅಗತ್ಯಕ್ಕೆ ಯಾವುದು ಹೊಂದುತ್ತದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಚಿಕ್ಕಮಗಳೂರಿನಿಂದ)

ಮೊದಲು ಕುಳಿತುಕೊಳ್ಳುವ ಬಗೆಯನ್ನು ತೀರ್ಮಾನಿಸಿ. ಉದ್ದ, ಬಣ್ಣ, ಬೆಲೆಗಳೆಲ್ಲ ಆಮೇಲಿನ ಮಾತು. ಒಳಗೆ ಕೂರುವ ಕಯಾಕ್‌ನಲ್ಲಿ ಕಾಲುಗಳು ದೋಣಿಯ ಒಡಲೊಳಗೆ ಇರುವುದರಿಂದ ಚಳಿ ಮತ್ತು ನೀರಿನ ಸಿಡಿತದಿಂದ ರಕ್ಷಣೆ ಸಿಗುತ್ತದೆ. ತಣ್ಣೀರಿನ ದೇಶಗಳಲ್ಲಿ ಅದಕ್ಕೆ ಬೆಲೆ ಇದೆ, ನಮ್ಮ ಬಯಲು ಜಲಾಶಯಗಳಲ್ಲಿ ಅಷ್ಟಾಗಿ ಇಲ್ಲ. ಅಂಥ ಕಯಾಕ್ ಮಗುಚಿದರೆ ಒಡಲಿನಲ್ಲಿ ನೂರಾರು ಲೀಟರ್ ನೀರು ತುಂಬಿಕೊಳ್ಳುತ್ತದೆ, ಹೊಸಬರು ಅದನ್ನು ದಡಕ್ಕೆ ಎಳೆದು ತಂದು ಬರಿದು ಮಾಡದೆ ಮತ್ತೆ ಹತ್ತುವುದು ಬಹಳ ಕಷ್ಟ. ಮೇಲೆ ಕೂರುವ ಕಯಾಕ್‌ನ ಒಡಲು ಮುಚ್ಚಿದ ಟೊಳ್ಳು. ತಟ್ಟೆಯಂತಿರುವ ಮೇಲ್ಭಾಗಕ್ಕೆ ಬಂದ ನೀರು, ದೋಣಿಯನ್ನು ಆರಪಾರ ಹಾಯುವ ರಂಧ್ರಗಳಿಂದ ತಾನಾಗಿ ಇಳಿದುಹೋಗುತ್ತದೆ. ಮಗುಚಿದರೂ ನೆಟ್ಟಗೆ ಮಾಡಿ, ಎದೆಯನ್ನು ಅಡ್ಡಲಾಗಿ ಮೇಲಕ್ಕೆ ಹಾಕಿ, ಹೊರಳಿ ಕುಳಿತುಕೊಳ್ಳಬಹುದು. ಮಗಳನ್ನು ಕರೆದುಕೊಂಡು ಹೋಗುವವರಿಗೆ ನಾನು ಬೇರೆ ಬಗೆಯನ್ನು ಹೇಳಲಾರೆ.

ಇನ್ನು ಹೊರೆಯ ಲೆಕ್ಕ. ತಯಾರಕರು ನಮೂದಿಸುವ ಗರಿಷ್ಠ ತೂಕದವರೆಗೂ ತುಂಬಿದರೆ ದೋಣಿ ನೀರಿನಲ್ಲಿ ತಗ್ಗಿ, ಆಸನ ಒದ್ದೆಯಾಗಿ, ಹುಟ್ಟು ಹಾಕಿದಷ್ಟಕ್ಕೂ ಮುಂದೆ ಸಾಗದೆ ಜಡವಾಗಿಬಿಡುತ್ತದೆ. ಆ ಗರಿಷ್ಠದ ಶೇಕಡ 70ರ ಒಳಗೆ ಇರುವುದು ಕ್ಷೇಮ. ನಿಮ್ಮಿಬ್ಬರ ತೂಕ 120 ಕಿಲೋ, ನೀರು, ಬುತ್ತಿ, ದುರ್ಬೀನು ಮುಂತಾದವು ಸೇರಿ 128 ಎಂದುಕೊಂಡರೂ ಸುಮಾರು 185 ಕಿಲೋ ಸಾಮರ್ಥ್ಯದ ಎರಡಾಸನದ ಕಯಾಕ್ ಬೇಕಾಗುತ್ತದೆ. ನಡುವೆ ಮೂರನೆಯ ಆಸನದ ಜಾಗವಿರುವ ಮಾದರಿಯಾದರೆ, ಒಬ್ಬರೇ ಹೋಗುವ ದಿನ ಅಲ್ಲಿ ಕುಳಿತು ಸಮತೋಲ ಕಾಯ್ದುಕೊಳ್ಳಬಹುದು. ಹಿಂದಿನ ಆಸನದಲ್ಲಿ ಒಬ್ಬರೇ ಕುಳಿತರೆ ಮೂತಿ ಮೇಲೆದ್ದು ಗಾಳಿಗೆ ಸಿಕ್ಕಿಕೊಳ್ಳುತ್ತದೆ.

ಒಬ್ಬರ ಮನರಂಜನಾ ಕಯಾಕ್‌ಗಳು ಸಾಮಾನ್ಯವಾಗಿ 9ರಿಂದ 12 ಅಡಿ ಉದ್ದ, 28ರಿಂದ 32 ಅಂಗುಲ ಅಗಲ ಇರುತ್ತವೆ. ಅಗಲ ಹೆಚ್ಚಿದಷ್ಟೂ ಅಲುಗಾಟ ಕಡಿಮೆ, ಉದ್ದ ಹೆಚ್ಚಿದಷ್ಟೂ ನೇರ ಓಟ. ಎರಡಾಸನದ್ದು 12 ಅಡಿಗಿಂತ ಕಡಿಮೆ ಇರದಿರಲಿ, ಇಲ್ಲವಾದರೆ ಮುಂದಿನವರ ಹುಟ್ಟಿಗೆ ಹಿಂದಿನವರ ಹುಟ್ಟು ಬಡಿಯುತ್ತಿರುತ್ತದೆ. ಸೊಂಟದ ವಿಷಯಕ್ಕೆ ಬಂದರೆ, ಬೆನ್ನಾಸರೆ ಎಷ್ಟು ಮೆತ್ತಗಿದೆ ಎಂಬುದಕ್ಕಿಂತ ಪಾದ ಊರುವ ಜಾಗ ಸರಿಯಾಗಿದೆಯೇ ಎಂಬುದನ್ನು ನೋಡಿ. ಮಂಡಿ ಸ್ವಲ್ಪ ಮಡಿಸಿ ಪಾದ ಒತ್ತಿ ಕುಳಿತಾಗ ಮಾತ್ರ ಬೆನ್ನು ನೆಟ್ಟಗೆ ನಿಲ್ಲುತ್ತದೆ. ಕೊಳ್ಳುವ ಮೊದಲು ಅರ್ಧ ಗಂಟೆಯಾದರೂ ಅದರಲ್ಲಿ ಕುಳಿತು ನೋಡಲು ಅವಕಾಶ ಕೇಳಿ.

ಉತ್ತರ 2 (ಸಕಲೇಶಪುರದಿಂದ)

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೊದಲ ಮಹಡಿಯ ಮನೆ ಮತ್ತು ಚಿಕ್ಕ ಕಾರನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಎರಡಾಸನದ ಕಯಾಕ್ 30 ಕಿಲೋಗೂ ಹೆಚ್ಚು ತೂಗುತ್ತದೆ. 12 ಅಡಿಯ ವಸ್ತುವನ್ನು ತಿರುವಿರುವ ಮೆಟ್ಟಿಲಲ್ಲಿ ಇಳಿಸಿ, ಕಾರಿನ ಮೇಲೆ ಕಟ್ಟಿ, ವಾಪಸು ಬಂದು ಪುನಃ ಹತ್ತಿಸಬೇಕಾದರೆ ಎಂಥವರಿಗೂ ಬೇಸರ ಬಂದು ದೋಣಿ ಮೂಲೆ ಸೇರುತ್ತದೆ. ಆಗಾಗ ನೀರಿಗಿಳಿಯುವ ಸಾಧಾರಣ ಕಯಾಕ್, ಮನೆಯಲ್ಲೇ ಉಳಿಯುವ ಉತ್ತಮ ಕಯಾಕ್‌ಗಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಾಳಿ ತುಂಬುವ ಎರಡಾಸನದ ಕಯಾಕ್‌ಗಳು ಸುಮಾರು 12ರಿಂದ 18 ಕಿಲೋ ತೂಗುತ್ತವೆ, ಚೀಲದಲ್ಲಿ ಮಡಚಿಟ್ಟರೆ ಕಾರಿನ ಡಿಕ್ಕಿಯಲ್ಲಿ ಕೂರುತ್ತವೆ. ಈಜುಕೊಳದ ಆಟಿಕೆಯಂತಿರುವ ತೆಳು ಹಾಳೆಯವನ್ನು ಮಾತ್ರ ಖಂಡಿತ ಕೊಳ್ಳಬೇಡಿ. ಹೊರಗೆ ದಪ್ಪ ಬಟ್ಟೆಯ ಕವಚ, ಒಳಗೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಮೂರು ಗಾಳಿ ಅರೆಗಳು, ತಳದಲ್ಲಿ ನೇರವಾಗಿ ಓಡಿಸುವ ಸಣ್ಣ ರೆಕ್ಕೆ ಇವಿಷ್ಟೂ ಇರಲಿ. ಒಂದು ಅರೆ ತೂತಾದರೂ ಉಳಿದವು ದಡ ಮುಟ್ಟಿಸುತ್ತವೆ. ಒತ್ತಡ ತೋರಿಸುವ ಪಂಪನ್ನೇ ಕೊಳ್ಳಿ, ಏಕೆಂದರೆ ಕಡಿಮೆ ಗಾಳಿಯಿದ್ದರೆ ನಡು ಬಾಗಿ ನೀವು ಗುಳಿಯಲ್ಲಿ ಕುಳಿತಂತಾಗಿ ಸೊಂಟಕ್ಕೆ ತ್ರಾಸವಾಗುತ್ತದೆ. ಬಿಸಿಲಿನಲ್ಲಿ ದಡದ ಮೇಲೆ ಬಿಡುವಾಗ ಗಾಳಿ ಹಿಗ್ಗುವುದರಿಂದ ಸ್ವಲ್ಪ ಹೊರಬಿಡಬೇಕು. ನಮ್ಮ ಮಲೆನಾಡಿನ ಕಡೆ ಇನ್ನೊಂದು ಕಷ್ಟವಿದೆ: ಒದ್ದೆಯಿರುವಾಗಲೇ ಮಡಚಿಟ್ಟರೆ ಬೂಸಲು ಹಿಡಿಯುತ್ತದೆ, ಆದ್ದರಿಂದ ಮಡಿಕೆಗಳ ಸಂದಿಯನ್ನೂ ಬಟ್ಟೆಯಿಂದ ಒರೆಸಿ ಆರಿಸಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮೆಟ್ಟಿಲಿನ ಮಾತು ಓದಿದ ಮೇಲೆ ಗಾಳಿ ತುಂಬುವ ಬಗೆಯ ಕಡೆಗೇ ಮನಸ್ಸು ವಾಲಿದೆ. ಆದರೆ ನಮ್ಮ ಕೆರೆಗಳ ಅಂಚಿನಲ್ಲಿ ಜಾಲಿ ಮುಳ್ಳು ಹೇರಳವಾಗಿದೆ, ಶೆಟ್ಟಿಹಳ್ಳಿಯ ಕಡೆ ಹಿನ್ನೀರು ಇಳಿದಾಗ ಮರದ ಬುಡಗಳೂ ಕಾಣುತ್ತವೆ. ಇವನ್ನೆಲ್ಲ ಆ ಕಯಾಕ್ ತಡೆದುಕೊಳ್ಳುತ್ತದೆಯೇ? ಗಾಳಿ ಬೀಸಿದರೆ ಹೇಗೆ?

ಉತ್ತರ 1ನ್ನು ಬರೆದವರು

ಸಕಲೇಶಪುರದವರ ಮಾತನ್ನು ಒಪ್ಪುತ್ತೇನೆ, ನಿಮ್ಮ ಮನೆಯ ಸ್ಥಿತಿಗೆ ಅದೇ ಸರಿ. ದಪ್ಪ ಕವಚದ ಕಯಾಕ್ ಸಾಧಾರಣ ಉಜ್ಜುವಿಕೆಯನ್ನು ತಡೆಯುತ್ತದೆ, ಮುಳ್ಳನ್ನು ನಂಬಲಾಗದು. ಆದ್ದರಿಂದ ದಡದಲ್ಲಿ ಎಳೆಯದೆ ಎತ್ತಿಕೊಂಡೇ ಹೋಗಿ, ಮೊಣಕಾಲು ಆಳದ ನೀರಿನಲ್ಲಿ ಇಳಿಸಿ ಹತ್ತಿ, ತೇಪೆಯ ಸಾಮಗ್ರಿ ಜೊತೆಯಲ್ಲಿರಲಿ. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಪಾಳುಬಿದ್ದ ಚರ್ಚ್ ಒಂದಿದೆ, 1860ರ ದಶಕದ್ದು. ಗೊರೂರು ಅಣೆಕಟ್ಟಿನ ನೀರು ತುಂಬಿದಾಗ ಅದರ ಗೋಡೆಗಳು ಅರ್ಧ ಮುಳುಗಿರುತ್ತವೆ. ಒಡೆದ ಇಟ್ಟಿಗೆ, ಗಾರೆಯ ಅಂಚುಗಳು ನೀರಿನಡಿ ಕಾಣದೆ ಇರುವ ಅಂಥ ಜಾಗಕ್ಕೆ ಗಾಳಿಯ ಕಯಾಕನ್ನು ಹತ್ತಿರ ಒಯ್ಯಲೇಬೇಡಿ.

ಬೀಸುವ ಗಾಳಿಯದ್ದು ನಿಜವಾದ ತೊಂದರೆ. ಈ ಕಯಾಕ್ ಹಗುರವಾಗಿ ನೀರಿನ ಮೇಲೆ ಎತ್ತರಕ್ಕೆ ತೇಲುವುದರಿಂದ ಎದುರು ಗಾಳಿಯಲ್ಲಿ ದಡ ಸೇರಲು ತೋಳು ಸೋತುಹೋಗುತ್ತದೆ. ಬೆಳಗ್ಗೆ ಬೇಗ ಇಳಿದು, ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜೊತೆಗೆ ಬರುವಂತೆ ದಾರಿ ಹಾಕಿಕೊಳ್ಳಿ, ದಡದ ಪಕ್ಕದಲ್ಲೇ ಸಾಗಿ. ಮಳೆಗಾಲದಲ್ಲಿ ಹರಿಯುವ ಹೇಮಾವತಿಗಾಗಲಿ ಭದ್ರೆಗಾಗಲಿ ಈ ಬಗೆಯ ಕಯಾಕ್ ಸಲ್ಲದು. ಜಲಾಶಯಕ್ಕೆ ಇಳಿಯುವ ಮುನ್ನ ನೀರಾವರಿ ನಿಗಮದವರನ್ನು ಕೇಳಿ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯನ್ನೂ ಕೇಳಬೇಕು.

ಗಾಳಿಯ ಕಯಾಕ್ ಅಗಲವಾಗಿರುವುದರಿಂದ ನಿಮಗೆ 240 ಸೆಂಟಿಮೀಟರಿನ ಹುಟ್ಟು ಬೇಕು, ಮಗಳಿಗೆ ಹಗುರವಾದ ಬೇರೆಯದೇ ಕೊಡಿಸಿ. ಲೈಫ್ ಜಾಕೆಟ್ ಅವಳ ತೂಕಕ್ಕೆ ತಕ್ಕದ್ದಾಗಿರಬೇಕು. ತೊಡಿಸಿ, ಪಟ್ಟಿಗಳನ್ನು ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ: ಅದು ಗಲ್ಲದವರೆಗೆ ಜಾರಿದರೆ ಅಳತೆ ದೊಡ್ಡದಾಯಿತು ಎಂದರ್ಥ, ಅಂಗಡಿಯಲ್ಲೇ ಬದಲಾಯಿಸಿಕೊಳ್ಳಿ.