ಸ್ನಾಯುವಿನ ಎಳೆಗಳ ದಿಕ್ಕು ನೋಡಬೇಕು: ಮಾಡಿದವರು ಹೇಳಿ

ಕೇಳಿದ್ದು: ಮೊಲದ ಹಿಂಗಾಲಿನ ಒಂದು ಸ್ನಾಯು, ಹೆಬ್ಬೆರಳಿನಷ್ಟು ದಪ್ಪ. ಒಳಗಿನ ಎಳೆಗಳು ಎಷ್ಟು ಓರೆಯಾಗಿವೆ ಅಂತ ಅಳೆಯಬೇಕು. ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡಿದೆ. ಒಂದೊಂದು ಸ್ಲೈಡಿನಲ್ಲಿ ಒಂದೊಂದು ಕೋನ ಬರುತ್ತಿದೆ. ಮೈಕ್ರೋ ಸಿ.ಟಿ. (ಸಣ್ಣ ವಸ್ತುಗಳ ಒಳಭಾಗವನ್ನು ಎಕ್ಸ್-ರೇಯಿಂದ ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್), ಎಂ.ಆರ್.ಐ. ಎರಡೂ ಬಳಸಲು ಅವಕಾಶವಿದೆ. ಯಾವುದು ಸರಿ?

ಉತ್ತರ 1: ಸ್ಲೈಡಿನಲ್ಲಿ ಹಾಗಾಗುವುದು ಸಹಜ. ಬ್ಲೇಡು ಎಳೆಯ ಉದ್ದಕ್ಕೇ ಸರಿಯಾಗಿ ಹೋಗದಿದ್ದರೆ ಕಾಣುವುದು ಎಳೆಯ ನೆರಳು ಮಾತ್ರ. ಎಷ್ಟು ಸ್ಲೈಡ್ ಮಾಡಿದರೂ ಅದು ಸರಿಹೋಗುವುದಿಲ್ಲ. ಇಡೀ ಸ್ನಾಯುವನ್ನೇ ಸ್ಕ್ಯಾನ್ ಮಾಡಿ.

ಈ ಗಾತ್ರಕ್ಕೆ ನನ್ನ ಓಟು ಅಯೋಡಿನ್ ಹಾಕಿದ ಮೈಕ್ರೋ ಸಿ.ಟಿ.ಗೆ. ಸುಮ್ನೆ ಎಕ್ಸ್-ರೇ ಹಾಯಿಸಿದರೆ ಮಾಂಸವೆಲ್ಲ ಒಂದೇ ಬೂದು ಬಣ್ಣ. ಲ್ಯೂಗೋಲ್ ದ್ರಾವಣದಲ್ಲಿ (ನೀರಿನಲ್ಲಿ ಕರಗಿಸಿದ ಅಯೋಡಿನ್) ನೆನೆಸಿದರೆ ಎಳೆಗಳು ಅಯೋಡಿನ್ ಹೀರಿಕೊಂಡು ಬೆಳ್ಳಗೆ ಕಾಣುತ್ತವೆ. ಎಳೆಗಳ ಕಟ್ಟುಗಳ ನಡುವಿನ ಪೊರೆ ಕಪ್ಪು ಗೆರೆಯಾಗಿ ಉಳಿಯುತ್ತದೆ. ಆ ಗೆರೆ ಹಿಡಿದೇ ದಿಕ್ಕು ಲೆಕ್ಕ ಹಾಕಬೇಕು. ದ್ರಾವಣ ಗಟ್ಟಿಯಾಗಿದ್ದರೆ ಬೇಗ ಇಳಿಯುತ್ತದೆ, ಆದರೆ ಸ್ನಾಯು ಜಾಸ್ತಿ ಕುಗ್ಗುತ್ತದೆ. ತೆಳು ದ್ರಾವಣ, ಬಫರ್ (ಆಮ್ಲತೆ ಬದಲಾಗದಂತೆ ತಡೆಯುವ ದ್ರಾವಣ) ಬೆರೆಸಿದ್ದು, ಹೆಚ್ಚು ದಿನ: ಇದೇ ಒಳ್ಳೆಯದು. ನಡುವೆ ಒಂದು ಸಣ್ಣ ಸ್ಕ್ಯಾನ್ ಮಾಡಿ ನೋಡಿ. ಅಂಚು ಬೆಳ್ಳಗಿದ್ದು ನಡುಭಾಗ ಬೂದಾಗಿದ್ದರೆ ಅಯೋಡಿನ್ ಇನ್ನೂ ಒಳಗೆ ತಲುಪಿಲ್ಲ ಅಂತ ಅರ್ಥ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದಯವಿಟ್ಟು ಸ್ನಾಯುವನ್ನು ಮೂಳೆಯಿಂದ ಬಿಡಿಸಿ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಗಟ್ಟಿ ಮಾಡುವ ದ್ರಾವಣ) ಹಾಕಬೇಡಿ. ಬಿಡಿಸಿದರೆ ಅದು ಗಿಡ್ಡವಾಗುತ್ತದೆ. ಎಳೆ ಗಿಡ್ಡವಾದರೆ ಕೋನವೂ ಹೆಚ್ಚುತ್ತದೆ. ಆಮೇಲೆ ಎಂಥ ಮಿಷನ್ ಇದ್ದರೂ ನೀವು ಅಳೆಯುವುದು ಕುಗ್ಗಿದ ಸ್ನಾಯುವನ್ನೇ. ಚರ್ಮ ಸುಲಿದ ಕಾಲನ್ನು ಹಾಗೇ ಒಂದು ಕಡ್ಡಿಗೆ ಕಟ್ಟಿ, ಮಂಡಿ ಮತ್ತು ಹಿಮ್ಮಡಿಯ ಕೀಲು ಎಷ್ಟು ಮಡಚಿದೆ ಅಂತ ಬರೆದಿಟ್ಟುಕೊಂಡು, ಆ ಸ್ಥಿತಿಯಲ್ಲೇ ಫಾರ್ಮಲಿನ್‌ನಲ್ಲಿಡಿ. ಸ್ನಾಯು ಪೂರ್ತಿ ಗಟ್ಟಿಯಾದ ಮೇಲೆ ಬಿಡಿಸಿ. ಫಾರ್ಮಲಿನ್ ಒಳಗಿಳಿಯುವುದು ತುಂಬಾ ನಿಧಾನ, ಅವಸರ ಬೇಡ.

ಉತ್ತರ 2: ಮೇಲಿನವರ ಮಾತಿಗೆ ಸೇರಿಸುತ್ತೇನೆ. ಎಂ.ಆರ್.ಐ. ಮಾಡುವುದಿದ್ದರೆ ಅಯೋಡಿನ್ ಹಾಕುವ ಮುಂಚೆಯೇ ಮಾಡಿ. ಡಿಫ್ಯೂಷನ್ ಟೆನ್ಸರ್ ಅನ್ನುವ ವಿಧಾನ 1994ರಿಂದ ಇದೆ. ಎಳೆಯ ಉದ್ದಕ್ಕೆ ನೀರಿನ ಕಣಗಳು ಸಲೀಸಾಗಿ ಹರಡುತ್ತವೆ, ಅಡ್ಡಕ್ಕೆ ತಡೆ ಇರುತ್ತದೆ. ಅದರಿಂದ ದಿಕ್ಕು ತಿಳಿಯುತ್ತದೆ. ಕನಿಷ್ಠ 6 ದಿಕ್ಕುಗಳಲ್ಲಿ ಅಳೆಯಲೇಬೇಕು, ಸಮಯವಿದ್ದರೆ ಇನ್ನೂ ಜಾಸ್ತಿ ತೆಗೆದುಕೊಳ್ಳಿ. ಫಾರ್ಮಲಿನ್ ಇದ್ದರೆ ಸಿಗ್ನಲ್ ಬೇಗ ಸಾಯುತ್ತದೆ. ಮೊದಲು ಬಫರ್‌ನಲ್ಲಿ ಚೆನ್ನಾಗಿ ತೊಳೆದು, ಕೋಣೆಯ ಬಿಸಿಗೆ ಬಂದ ಮೇಲೆ ಸ್ಕ್ಯಾನ್ ಮಾಡಿ. ತಣ್ಣಗಿದ್ದಾಗ ನೀರು ಹರಡುವ ವೇಗವೇ ಬೇರೆ ಆಗುತ್ತದೆ.

ಒಂದು ಎಚ್ಚರಿಕೆ. ಎಂ.ಆರ್.ಐ. ಚಿತ್ರ ಪುಟ್ಟ ಪುಟ್ಟ ಘನಗಳಿಂದ ಆಗಿರುತ್ತದೆ; ಅಂಥ ಒಂದು ಘನದ ಬದಿ 0.5 ಮಿ.ಮೀ. ಅಂದುಕೊಳ್ಳಿ. 50 ಮೈಕ್ರಾನ್ ದಪ್ಪದ ಎಳೆಗಳು ಅದರಲ್ಲಿ ಸುಮಾರು 100 ಹಿಡಿಸುತ್ತವೆ. ನಿಮಗೆ ಸಿಗುವುದು ಅವೆಲ್ಲದರ ಸರಾಸರಿ ದಿಕ್ಕು. ಪರದೆಯ ಮೇಲೆ ಬರುವ ಬಣ್ಣಬಣ್ಣದ ಗೆರೆಗಳು ಒಂದೊಂದು ಎಳೆಯಲ್ಲ. ಸ್ನಾಯುರಜ್ಜುವಿನ ಹಾಳೆ ಇರುವ ಕಡೆ ಗೆರೆಗಳು ಎಳೆಯ ದಿಕ್ಕು ಬಿಟ್ಟು ಅದರ ಗುಂಟವೇ ಓಡುವುದುಂಟು. ಅಲ್ಲಿ ಸಿ.ಟಿ. ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ, ಯಾವುದು ಸುಳ್ಳು ಅಂತ ಗೊತ್ತಾಗುತ್ತದೆ.

ಉತ್ತರ 3: ನಾನು ಹೃದಯದ ಗೋಡೆಯ ಕೆಲಸ ಮಾಡುತ್ತೇನೆ. ಸ್ಕ್ಯಾನ್ ಚಿತ್ರದಿಂದ ದಿಕ್ಕು ಲೆಕ್ಕ ಹಾಕುವ ನಿಮ್ಮ ಪ್ರೋಗ್ರಾಂ ಸರಿಯಿದೆಯಾ ಅಂತ ಪರೀಕ್ಷಿಸಲು ಹೃದಯ ಒಳ್ಳೆಯ ಸ್ಯಾಂಪಲ್. ಎಡ ಕೆಳಕೋಣೆಯ ಗೋಡೆಯಲ್ಲಿ ಎಳೆಗಳು ಒಳಮೈಯಿಂದ ಹೊರಮೈಗೆ ಬರುವಷ್ಟರಲ್ಲಿ (ಗೋಡೆಯನ್ನು ಸುತ್ತುವ ಅಡ್ಡ ದಿಕ್ಕಿನಿಂದ ಅಳೆದರೆ) ಸುಮಾರು +60 ಡಿಗ್ರಿಯಿಂದ −60 ಡಿಗ್ರಿಗೆ ತಿರುಗುತ್ತವೆ. ನಾಯಿಯ ಹೃದಯದಲ್ಲಿ ಇದನ್ನು 1969ರಲ್ಲೇ ಸ್ಲೈಡ್ ಮೇಲೆ ಅಳೆದಿದ್ದಾರೆ. ನಿಮ್ಮ ಪ್ರೋಗ್ರಾಂ ಈ ತಿರುವು ತೋರಿಸದಿದ್ದರೆ ಮೊಲದ ಕಾಲಿನ ಅಂಕಿ ನಂಬಬೇಡಿ.

ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಸೋಡಿಯಂ ಥಯೋಸಲ್ಫೇಟ್‌ನಲ್ಲಿಟ್ಟರೆ ಅಯೋಡಿನ್ ಬಣ್ಣ ಹೋಗುತ್ತದೆ, ಅದೇ ತುಂಡಿನಿಂದ ಸೆಕ್ಷನ್ ಮಾಡಬಹುದು. ಈಗ ದಿಕ್ಕು ಗೊತ್ತಿರುವುದರಿಂದ ಬ್ಲೇಡನ್ನು ಎಳೆಯ ಉದ್ದಕ್ಕೇ ಹೊಂದಿಸಬಹುದಲ್ವಾ. ಆಗ ಮೈಕ್ರೋಸ್ಕೋಪ್‌ನಲ್ಲಿ ಎಳೆಯ ಮೇಲೆ ಕಾಣುವ ಅಡ್ಡ ಪಟ್ಟೆಗಳ ನಡುವಿನ ಅಂತರವನ್ನೂ ಅಳೆಯಿರಿ. ಎರಡು ಮೊಲಗಳ ಕೋನ ಹೋಲಿಸುವಾಗ ಒಂದರ ಸ್ನಾಯು ಹೆಚ್ಚು ಎಳೆದ ಸ್ಥಿತಿಯಲ್ಲಿತ್ತೇ ಅನ್ನುವುದು ಆ ಅಂತರದಿಂದಲೇ ತಿಳಿಯುತ್ತದೆ.