ಬೇರೆಯವರು ಮಾಡಿದ ವೈರಿಂಗ್‌ಗೆ ಸಹಿ ಹಾಕೋದು ಯಾರು? ಗುತ್ತಿಗೆದಾರರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮನೆ ವೈರಿಂಗ್ ಪರೀಕ್ಷೆ, ಕಂಪ್ಲೀಷನ್ ರಿಪೋರ್ಟ್ (ವೈರಿಂಗ್ ಕೆಲಸ ಸರಿಯಾಗಿ ಮುಗಿದಿದೆ ಅಂತ ಗುತ್ತಿಗೆದಾರರು ಸಹಿ ಹಾಕೋ ಕಾಗದ) ಬಗ್ಗೆ ತುಂಬಾ ಜನ ಕೇಳ್ತಾ ಇದ್ರಿ. ಶಿವಮೊಗ್ಗ ಕಡೆಯ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರೊಬ್ಬರು ಇವತ್ತು ಉತ್ತರ ಕೊಡ್ತಾರೆ. ಫಾರ್ವರ್ಡ್ ಹಾಕಬೇಡಿ.

ಹೊಸಮನೆ, ಭದ್ರಾವತಿ: ನಮಸ್ಕಾರ ಸರ್. ವೈರಿಂಗ್ ಎಲ್ಲಾ ಊರಿನ ಹುಡುಗನೇ ಮುಗಿಸಿದ್ದಾನೆ. ಮೀಟರ್‌ಗೆ ಅರ್ಜಿ ಹಾಕಲು ಗುತ್ತಿಗೆದಾರರ ಸಹಿ ಬೇಕಂತೆ. ನೀವು ಬಂದು ನೋಡಿ ಹಾಕ್ತೀರಾ?

ಗುತ್ತಿಗೆದಾರರು: ನಮಸ್ಕಾರ. ಬಂದು ನೋಡ್ತೀನಿ, ಆದರೆ ನಾನೇ ಮಾಡಿಸಿದ ಕೆಲಸ ಅಂತ ಸಹಿ ಹಾಕಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸೋದನ್ನು ಬಿಟ್ಟರೆ ಮನೆಯ ವೈರಿಂಗ್ ಕೆಲಸ ಲೈಸೆನ್ಸ್ ಇರೋ ಗುತ್ತಿಗೆದಾರರ ಮೂಲಕವೇ ಆಗಬೇಕು. ಮೇಲ್ವಿಚಾರಕನಿಗೆ ಸರ್ಟಿಫಿಕೇಟ್, ಕೆಲಸ ಮಾಡುವವನಿಗೆ ಪರ್ಮಿಟ್ ಇರಬೇಕು. ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಮೊದಲು 2010ರದ್ದು ಇತ್ತು, ಈಗ 2023ರದ್ದು. ಪ್ಲಾಸ್ಟರ್ ಆದಮೇಲೆ ಕರೆದರೆ ಗೋಡೆಯೊಳಗಿನ ಜಾಯಿಂಟ್ ನನಗೆ ಹೇಗೆ ಕಾಣಬೇಕು? ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿ, ಬೋರ್ಡ್ ಬಿಚ್ಚಿ, ಅಳತೆಗೆ ಸಿಕ್ಕಿದ್ದನ್ನು ಬರೆದು ಕೊಡಬಹುದು, ಅಷ್ಟೇ. ಅದು ಪರೀಕ್ಷಾ ವರದಿ. ಸರಿ ಇಲ್ಲದ್ದನ್ನು ಬಿಚ್ಚಿ ನಮ್ಮ ಹುಡುಗರಿಂದ ಮತ್ತೆ ಮಾಡಿಸಿದರೆ, ಆ ಭಾಗಕ್ಕೆ ನನ್ನ ಸಹಿ.

ಕಾರ್ಕಳ ಸದಸ್ಯ: ನಮ್ಮ ಬಾವ ಐಟಿಐ ಎಲೆಕ್ಟ್ರಿಷಿಯನ್. ಅವರು ಸಹಿ ಹಾಕಬಹುದಾ?

ಗುತ್ತಿಗೆದಾರರು: ಐಟಿಐ ಓದು, ಲೈಸೆನ್ಸ್ ಅಲ್ಲ. ಇಲ್ಲ.

ಬೆಂಗಳೂರು ಟೆಕ್ಕಿ: ನಾನು ಎಲೆಕ್ಟ್ರಿಕಲ್ ಬಿಇ ಸರ್. ನಮ್ಮ ಮನೆದು ನಾನೇ ಚೆಕ್ ಮಾಡಿ ಹಾಕಬಹುದಲ್ವಾ?

ಗುತ್ತಿಗೆದಾರರು: ಮೇಲಿನ ಉತ್ತರವೇ.

ಸಾಗರದ ಗೃಹಿಣಿ: ಸರ್, ಗೀಸರ್ ಆನ್ ಇದ್ದಾಗ ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ವೈರಿಂಗ್ ಮಾಡಿದ್ದು ನಮ್ಮ ಭಾವನ ಮಗ. ಕೇಳಿದ್ರೆ, ‘ಬಾತ್‌ರೂಮಿಗೆ ಅರ್ಥ್ ವೈರ್ ಎಳೆದಿರಲಿಲ್ಲ, ಬಾಕ್ಸ್ ಒಳಗೇ ಕನೆಕ್ಷನ್ ಕೊಟ್ಟಿದ್ದೀನಿ, ಏನಾಗಲ್ಲ’ ಅಂತಾನೆ. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದೆ, ಟೆಸ್ಟ್ ಬಟನ್ ಒತ್ತಿದ್ರೆ ಟ್ರಿಪ್ ಆಗುತ್ತೆ. ರಿಪೋರ್ಟ್‌ಗೆ ಸಹಿ ಹಾಕಿದವರು ಮನೆಗೆ ಬಂದೇ ಇಲ್ಲ.

ಗುತ್ತಿಗೆದಾರರು: ಮೇಡಂ, ಮುಂದೆ ಓದೋಕೆ ಮೊದಲು ಗೀಸರ್ ಎಂಸಿಬಿ (ಮೇನ್ ಬೋರ್ಡ್‌ನಲ್ಲಿರೋ ಗೀಸರ್ ಲೈನಿನ ಸ್ವಿಚ್) ಇಳಿಸಿ, ಆಮೇಲೆ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಅಲ್ಲಿಯವರೆಗೆ ನಲ್ಲಿ ಮುಟ್ಟಬೇಡಿ. ನೀರು ಒಲೆ ಮೇಲೆ ಕಾಯಿಸಿಕೊಳ್ಳಿ.

‘ಬಾಕ್ಸ್ ಒಳಗೇ ಕೊಟ್ಟಿದ್ದೀನಿ’ ಅನ್ನೋ ಮಾತು ನನಗೆ ಭಯ ತರಿಸಿದೆ. ಅದರರ್ಥ ಬಹುಶಃ ಇಷ್ಟು: ಸಾಕೆಟ್ ಹಿಂದೆ ಅರ್ಥ್ ಟರ್ಮಿನಲ್‌ನಿಂದ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಟರ್ಮಿನಲ್‌ಗೆ ಬೆರಳುದ್ದದ ವೈರ್ ತುಂಡು. ಇಂಥದ್ದನ್ನು ಎಷ್ಟೋ ಮನೆಗಳಲ್ಲಿ ಬಿಚ್ಚಿ ನೋಡಿದ್ದೀನಿ. ಫೇಸ್‌ಗೂ (ಕರೆಂಟ್ ಬರೋ ವೈರ್) ಅರ್ಥ್ ಪಿನ್ನಿಗೂ ಬಲ್ಬ್ ಹಿಡಿದರೆ ಜೋರಾಗಿ ಉರಿಯುತ್ತೆ. ನೋಡಿದವರು ಅರ್ಥಿಂಗ್ ಭರ್ಜರಿ ಇದೆ ಅಂತಾರೆ. ಉರಿಯೋದು ನ್ಯೂಟ್ರಲ್‌ನಿಂದ, ಭೂಮಿಯಿಂದ ಅಲ್ಲ.

ಈಗ ಆ ನ್ಯೂಟ್ರಲ್ ಜಾಯಿಂಟ್ ಎಲ್ಲೋ ಸಡಿಲ ಆಯ್ತು ಅಂದ್ಕೊಳ್ಳಿ. ಗೀಸರ್ ಎಳೆದ ಕರೆಂಟ್ ವಾಪಸ್ ಹೋಗೋಕೆ ದಾರಿ ಇಲ್ಲ. ಆ ತುಂಡಿನ ಮೂಲಕ ಗೀಸರ್ ಮೈಗೆ ಬರುತ್ತೆ, ಅಲ್ಲಿಂದ ಪೈಪಿಗೆ, ನಲ್ಲಿಗೆ. ನ್ಯೂಟ್ರಲ್ ಪೂರ್ತಿ ಕಿತ್ತುಹೋದರೆ ನಲ್ಲಿಯಲ್ಲಿ 230 ವೋಲ್ಟ್ ನಿಂತಿರುತ್ತೆ. ಜುಮ್ ಅನ್ನೋದು ಅದರ ಮೊದಲ ಸೂಚನೆ ಇರಬಹುದು. ಗೀಸರ್ ಎಲಿಮೆಂಟ್‌ನಿಂದ (ಒಳಗೆ ನೀರು ಕಾಯಿಸೋ ಭಾಗ) ಕರೆಂಟ್ ಸೋರುತ್ತಿರಲೂಬಹುದು. ಎರಡೂ ಒಟ್ಟಿಗೆ ಇದ್ದರಂತೂ ಇನ್ನೂ ಕೆಟ್ಟದ್ದು.

ಆರ್‌ಸಿಸಿಬಿ ನಂಬಿ ಕೂರಬೇಡಿ. ಅದು ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ಹೋಲಿಸಿ ನೋಡುತ್ತೆ. ಸೋರಿದ್ದೂ ನ್ಯೂಟ್ರಲ್‌ನಲ್ಲೇ ವಾಪಸ್ ಬಂದರೆ ಲೆಕ್ಕ ಸರಿಹೋಗುತ್ತೆ, ಟ್ರಿಪ್ ಆಗಲ್ಲ. ವ್ಯತ್ಯಾಸ ಕಾಣೋದು ಕರೆಂಟ್ ಮನುಷ್ಯನ ಮೈಯಿಂದ ಭೂಮಿಗೆ ಇಳಿದಾಗ. ಮನೆಗೆ ಹಾಕೋದು 30 ಮಿಲಿಆಂಪಿಯರ್‌ದು, ಹೆಚ್ಚಿನ ಸಲ ಜೀವ ಉಳಿಸುತ್ತೆ. ಆದರೆ ಶಾಕ್ ಹೊಡೆದ ಮೇಲೆ. ಟೆಸ್ಟ್ ಬಟನ್‌ಗೆ ಅರ್ಥಿಂಗ್ ಬೇಕೇ ಆಗಿಲ್ಲ. ಅರ್ಥ್ ವೈರೇ ಇಲ್ಲದ ಮನೆಯಲ್ಲೂ ಒತ್ತಿದರೆ ಬೀಳುತ್ತೆ.

ಪರ್ಮಿಟ್ ಇರೋರನ್ನು ಕರೆಸಿ, ಮುಂದೆ ನಿಂತು ಆ ಸಾಕೆಟ್ ಬಿಚ್ಚಿಸಿ. ತುಂಡು ಇದ್ದರೆ ತೆಗೆಸಿ. ಅದಷ್ಟೇ ತೆಗೆದು ಬಿಟ್ಟರೆ ಅರ್ಥೇ ಇಲ್ಲದ ಗೀಸರ್ ಆಗುತ್ತೆ. ಡಿಬಿಯಿಂದ (ಎಂಸಿಬಿಗಳಿರೋ ಮೇನ್ ಬೋರ್ಡ್) ಬೇರೆ ಅರ್ಥ್ ವೈರ್ ಎಳೆಸಲೇಬೇಕು. ಮಿಕ್ಕ ಸಾಕೆಟ್‌ಗಳನ್ನೂ ಬಿಚ್ಚಿಸಿ. ಒಂದು ಕಡೆ ಹೀಗೆ ಮಾಡಿದ ಕೈ ಅಲ್ಲಿಗೇ ನಿಲ್ಲಲ್ಲ.

ಹಾಸನ ಸದಸ್ಯ: ಫಾರ್ವರ್ಡ್ ಮಾಡಿದ್ದು: ‘ನಲ್ಲಿಯಲ್ಲಿ ಶಾಕ್ ಬರ್ತಿದ್ರೆ ಅರ್ಥ್ ಗುಂಡಿಗೆ ಎರಡು ಬಕೆಟ್ ಉಪ್ಪು ನೀರು ಹಾಕಿ, ಒಂದೇ ಗಂಟೆಯಲ್ಲಿ ಪರಿಹಾರ.’

ಗುತ್ತಿಗೆದಾರರು: ಬಾತ್‌ರೂಮಿಗೆ ಅರ್ಥ್ ವೈರೇ ಎಳೆದಿಲ್ಲ ಅಂತ ಸಾಗರದ ಮೇಡಂ ಈಗ ತಾನೇ ಬರೆದರು. ಉಪ್ಪು ಯಾವ ದಾರಿಯಲ್ಲಿ ಬರಬೇಕು? ಇದನ್ನು ಓದಿ ಒಬ್ಬರು ಗೀಸರ್ ಆನ್ ಮಾಡಿದ್ರೆ ಹೊಣೆ ಯಾರು? ಅಳಿಸಿ.

ಲಂಡನ್ ಕನ್ನಡಿಗ: ಇಂಗ್ಲೆಂಡ್‌ನಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಮನೆ ವಿದ್ಯುತ್ ಕೆಲಸಕ್ಕೆ 2005ರಿಂದ ಪಾರ್ಟ್ ಪಿ ಅನ್ನೋ ನಿಯಮ. ಬೇರೆಯವರು ಮಾಡಿದ ಕೆಲಸವನ್ನು ನೋಂದಾಯಿತ ಮೂರನೆಯವರು ಪರೀಕ್ಷಿಸಿ ಪ್ರಮಾಣಪತ್ರ ಕೊಡಬಹುದು. ಇಲ್ಲಿ ಮಾತ್ರ ಎಲ್ಲಾ ದುಡ್ಡು.

ಭದ್ರಾವತಿ ವೈರ್‌ಮ್ಯಾನ್: ಲಂಡನ್ನಿಂದ ಉಪದೇಶ ಸುಲಭ ಸ್ವಾಮಿ. ಗೋಡೆ ಕೊರೆಯೋದು ನಾವು, ಬೆವರು ನಮ್ಮದು. ಸಹಿಗೆ ದುಡ್ಡು ತಗೊಳ್ಳೋರು ಮನೆ ಬಾಗಿಲೂ ನೋಡಿರಲ್ಲ.

ಲಂಡನ್ ಕನ್ನಡಿಗ: ನಾನೂ ಅದನ್ನೇ ಹೇಳಿದ್ದು. ಸುಮ್ನೆ ಯಾಕೆ ಕೋಪ?

ಭದ್ರಾವತಿ ವೈರ್‌ಮ್ಯಾನ್: ನಿಮ್ಮ ಧಾಟಿಗೆ.

ಹಾಸನ ಸದಸ್ಯ: ಉಪ್ಪು, ಇದ್ದಿಲು ಹಾಕೋದು ನಮ್ಮ ಅಜ್ಜನ ಕಾಲದಿಂದಲೂ ಇದೆ. ಎಲ್ಲದಕ್ಕೂ ಬೈಯೋದಾ?

ಗುತ್ತಿಗೆದಾರರು: ಹಾಸನದವರೇ, ಗುಂಡಿಗೆ ಉಪ್ಪು, ಇದ್ದಿಲು ನಾವೂ ಹಾಕ್ತೀವಿ, ಮಣ್ಣಿನ ರೆಸಿಸ್ಟೆನ್ಸ್ ಕಡಿಮೆ ಆಗಲಿ ಅಂತ. ಅದು ಗುಂಡಿಯ ಮಾತು. ನಲ್ಲಿಯ ಶಾಕ್‌ಗೆ ಔಷಧಿ ಅಲ್ಲ. ಲಂಡನ್‌ನವರೇ, ಅಲ್ಲೂ ಆ ಮೂರನೆಯವರನ್ನು ಕೆಲಸ ಶುರುವಾಗೋ ಮೊದಲೇ ಗೊತ್ತು ಮಾಡಿರಬೇಕು. ಗೋಡೆ ಮುಚ್ಚಿದ ಮೇಲೆ ಸಹಿ ಹುಡುಕೋದಕ್ಕಲ್ಲ. ವೈರ್‌ಮ್ಯಾನ್ ಅಣ್ಣ, ನಿಮ್ಮ ಮಾತು ನಿಜ, ಲೈಸೆನ್ಸ್ ನಂಬರ್ ಬಾಡಿಗೆಗೆ ಬಿಡೋರು ಇದ್ದಾರೆ. ಪರ್ಮಿಟ್ ಇದ್ದರೆ ಲೈಸೆನ್ಸ್ ಇರೋರ ಕೈಕೆಳಗೆ ಸೇರ್ಕೊಳ್ಳಿ, ಕೆಲಸಕ್ಕೆ ಹೆಸರು ಬರುತ್ತೆ. ಪರ್ಮಿಟ್ ಇದೆಯಾ?

ಕಾರ್ಕಳ ಸದಸ್ಯ: ಲೈನ್‌ಮ್ಯಾನ್ ಬಂದು ಮೀಟರ್ ಹಾಕಿ ಚೆಕ್ ಮಾಡ್ತಾರಲ್ಲ, ಅದು ಸಾಲದಾ?

ಗುತ್ತಿಗೆದಾರರು: ಸಾಲದು. ಮೀಟರ್ ದಾಟಿ ಮನೆಯೊಳಗಿನ ವೈರಿಂಗ್ ಮನೆಯವರ ಜವಾಬ್ದಾರಿ.

ಮೈಸೂರು ಅಪಾರ್ಟ್‌ಮೆಂಟ್: ನಮ್ಮದು ಎಂಟು ಮಹಡಿ. ಅಸೋಸಿಯೇಷನ್ ಅವರು ಯಾರದ್ದೋ ಸಹಿ ತೋರಿಸ್ತಿದ್ದಾರೆ. ಸಾಕಾ?

ಗುತ್ತಿಗೆದಾರರು: 15 ಮೀಟರ್ ದಾಟಿದ ಕಟ್ಟಡಕ್ಕೆ ಬೇರೆ ನಿಯಮವೇ ಇದೆ, ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಪರಿವೀಕ್ಷಕರ ಕಾಗದ ಕೇಳಿ.

ತುಮಕೂರು ಸದಸ್ಯ: ಸೋಲಾರ್ ಇನ್ವರ್ಟರ್‌ಗೆ ಬೇರೆ ಅರ್ಥ್ ಗುಂಡಿ ಬೇಕಾ ಸರ್?

ಭದ್ರಾವತಿ ವೈರ್‌ಮ್ಯಾನ್: ಪರ್ಮಿಟ್ ಪರೀಕ್ಷೆಗೆ ಕಟ್ಟಬೇಕು ಅಂತಿದ್ದೀನಿ. ಅದನ್ನೇ ಎಲ್ಲರ ಮುಂದೆ ಕೇಳ್ತೀರಾ?

ಹೊಸಮನೆ, ಭದ್ರಾವತಿ: ಸರ್, ಮೆಗ್ಗರ್ ಅಂದ್ರಲ್ಲ, ಎಷ್ಟು ಬರಬೇಕು?

ಗುತ್ತಿಗೆದಾರರು: 500 ವೋಲ್ಟ್ ಡಿಸಿ ಕೊಟ್ಟು ಒಂದು ನಿಮಿಷ ಹಿಡಿದಾಗ ಕನಿಷ್ಠ 1 ಮೆಗಾಓಮ್. ಹೊಸ ವೈರಿಂಗ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು. ಹತ್ತಿರ ಹತ್ತಿರ 1 ಬಂದರೆ ಎಲ್ಲೋ ತೇವ ಇದೆ ಅಥವಾ ವೈರ್ ಗೀಚಿದೆ.

ಕಾರ್ಕಳ ಸದಸ್ಯ: ಸರ್, ಬಾವ ಐಟಿಐ ಜೊತೆ ಡಿಪ್ಲೊಮಾನೂ ಮಾಡಿದ್ದಾರೆ. ಈಗ ಸಹಿ ಹಾಕಬಹುದಾ?

ಗುತ್ತಿಗೆದಾರರು: ಇದಕ್ಕೆ ಇನ್ನು ಉತ್ತರ ಕೊಡಲ್ಲ. ಸಾಗರದ ಮೇಡಂ, ಎಂಸಿಬಿ ಇಳಿಸಿದ್ರಾ?

ಸಾಗರದ ಗೃಹಿಣಿ: ಇಳಿಸಿ ಪ್ಲಗ್ ಕಿತ್ತೆ ಸರ್. ಭಾವನ ಮಗ ಇದನ್ನು ಓದಿ ಸಿಟ್ಟಾಗಿದ್ದಾನೆ, ಊರವರ ಮುಂದೆ ಮರ್ಯಾದೆ ತೆಗೆದ್ರಿ ಅಂತ. ನಾಳೆ ಅವನೇ ಬಂದು ಸಾಕೆಟ್ ಬಿಚ್ಚಿ ಸರಿ ಮಾಡ್ತಾನಂತೆ.

ಗುತ್ತಿಗೆದಾರರು: ಅವನು ಬೇಡ. ಫೋನ್ ನಂಬರ್ ಅಡ್ಮಿನ್‌ಗೆ ಕಳಿಸಿ. ಸಾಗರದಲ್ಲೇ ಪರ್ಮಿಟ್ ಇರೋರಿದ್ದಾರೆ, ಬೆಳಿಗ್ಗೆ ಕಳಿಸ್ತೀನಿ.

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ. ಹಾಸನದವರು ಆ ಫಾರ್ವರ್ಡ್ ಇನ್ನೂ ಅಳಿಸಿಲ್ಲ.