ಜೈಲಿನಲ್ಲಿ ಕಜ್ಜಿ, ಜತೆಗೊಂದು ಟಿಬಿ: ಎಲ್ಲಿಂದ ಶುರು ಮಾಡುವುದು?

ಕೇಳಿದವರು, ಜೈಲು ಆಸ್ಪತ್ರೆಯ ಶುಶ್ರೂಷಕಿ:
180 ಜನರಿಗೆಂದು ಕಟ್ಟಿದ ಜಿಲ್ಲಾ ಕಾರಾಗೃಹದಲ್ಲಿ ಈಗ 260 ಜನರಿದ್ದಾರೆ. 110 ಜನರಿರುವ ಎರಡು ಬ್ಯಾರಕ್‌ಗಳಲ್ಲಿ ಕಜ್ಜಿ ಹಬ್ಬಿದೆ, ಮುಲಾಮು ಕೊಟ್ಟರೂ ತಿಂಗಳಲ್ಲಿ ಮತ್ತೆ ಕಾಣಿಸುತ್ತದೆ. ಈ ವಾರ ಒಬ್ಬ ವಿಚಾರಣಾಧೀನ ಕೈದಿಗೆ ಶ್ವಾಸಕೋಶದ ಟಿಬಿ ಖಚಿತವಾಗಿದೆ. ತಿಳಿದವರು ದಯವಿಟ್ಟು ಹೇಳಿ.

ಫಾರ್ಮಸಿ ಅಧಿಕಾರಿ:
ಮೇಡಂ, ತುರಿಸಿಕೊಳ್ಳುವವರಿಗೆ ಮಾತ್ರ ಮುಲಾಮು ಸಿಕ್ಕಿರಬೇಕು. ಕಜ್ಜಿಹುಳ ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟೂ ದಿನ ಅವರಿಂದ ಪಕ್ಕದ ಚಾಪೆಯವರಿಗೆ ದಾಟುತ್ತಲೇ ಇರುತ್ತದೆ. ಆದ್ದರಿಂದ ತುರಿಕೆ ಇರಲಿ ಬಿಡಲಿ, ಎರಡೂ ಬ್ಯಾರಕ್‌ನ ಎಲ್ಲರಿಗೂ ಒಂದೇ ದಿನ ಹಚ್ಚಿಸಿ. ಶೇ 5ರ ಪರ್ಮೆಥ್ರಿನ್, ಒಬ್ಬೊಬ್ಬರಿಗೆ 30 ಗ್ರಾಂನ ಒಂದು ಟ್ಯೂಬ್, 7 ದಿನ ಬಿಟ್ಟು ಇನ್ನೊಂದು. ಅಂದರೆ 220 ಟ್ಯೂಬ್ ಕೈಗೆ ಬರುವ ತನಕ ಶುರು ಮಾಡಲೇಬೇಡಿ. ಅರ್ಧಕ್ಕೆ ಮುಗಿದರೆ ಹಚ್ಚಿದ್ದೆಲ್ಲ ವ್ಯರ್ಥ.

ಸಂಜೆ ಲಾಕಪ್‌ಗೆ ಮುಂಚೆ ಹಚ್ಚಿದರೆ ಬೆಳಗಿನ ಸ್ನಾನದವರೆಗೆ ಬೇಕಾದ 8ರಿಂದ 14 ಗಂಟೆ ತಾನಾಗಿ ಸಿಗುತ್ತದೆ. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಹೊಕ್ಕಳು, ತೊಡೆಸಂದು, ಉಗುರಿನಡಿ. ಊಟವಾಗಿ ಕೈ ತೊಳೆದವರು ಕೈಗೆ ಮತ್ತೆ ಹಚ್ಚಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮರುದಿನ ಬಟ್ಟೆ, ಕಂಬಳಿ ಬಿಸಿನೀರಿಗೆ ಹಾಕಿ. ಬಿಸಿನೀರಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮೈಬಿಟ್ಟ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಆ ವಾರಕ್ಕೆ ಬೇರೆ ಕಂಬಳಿಗಳನ್ನು ಮೊದಲೇ ಹೊಂದಿಸಿಕೊಳ್ಳಿ. ಹುಳ ಸತ್ತ ಮೇಲೂ 2ರಿಂದ 4 ವಾರ ತುರಿಕೆ ಉಳಿಯುತ್ತದೆ ಎಂದು ಎಲ್ಲರಿಗೂ ಮುಂಚೆಯೇ ಹೇಳಿಬಿಡಿ, ಇಲ್ಲವಾದರೆ ಔಷಧದ ಮೇಲೇ ನಂಬಿಕೆ ಹೋಗುತ್ತದೆ.

ಕ್ಷಯರೋಗ ಮೇಲ್ವಿಚಾರಕರು:
ಟಿಬಿ ಬಗ್ಗೆ ನಾನು ಹೇಳುತ್ತೇನೆ. ರೋಗಿ ಇದ್ದ ಬ್ಯಾರಕ್‌ನ ಎಲ್ಲರನ್ನೂ ಈ ವಾರವೇ ಪರೀಕ್ಷಿಸಿ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಎಂಬ ನಾಲ್ಕು ಪ್ರಶ್ನೆ ಸಾಲವು. 2019–21ರ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯದಿದ್ದರೆ ಶೇ 42.6ರಷ್ಟು ಪ್ರಕರಣ ಕೈತಪ್ಪುತ್ತಿದ್ದವು. ಹಾಗಾಗಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರವನ್ನು ಜಿಲ್ಲಾ ಕ್ಷಯರೋಗ ಅಧಿಕಾರಿಯಿಂದ ಕೇಳಿ ತರಿಸಿ. ಕಫವನ್ನು ಬ್ಯಾರಕ್ ಒಳಗೆ ತೆಗೆಸಬೇಡಿ, ಬಯಲಿನಲ್ಲಿ, ಬೇರೆಯವರಿಂದ ದೂರ ತೆಗೆಸಿ. ಎಂಜಲು ಬಂದರೆ ಉಪಯೋಗವಿಲ್ಲ, ಆಳವಾಗಿ ಕೆಮ್ಮಿದ ಗಟ್ಟಿ ಕಫ ಬೇಕು. ಟ್ರೂನಾಟ್ ಅಥವಾ ಸಿಬಿನಾಟ್ ಎಂಬ ಕಫ ಪರೀಕ್ಷೆಯಲ್ಲಿ ರಿಫಾಂಪಿಸಿನ್ ನಿರೋಧಕತೆಯೂ, ಅಂದರೆ ಟಿಬಿಯ ಆ ಮುಖ್ಯ ಔಷಧಕ್ಕೆ ರೋಗಾಣು ಬಗ್ಗದಿರುವುದೂ, ಗೊತ್ತಾಗುತ್ತದೆ. ಟಿಬಿ ಇಲ್ಲವೆಂದು ಖಚಿತವಾದ ಸಂಪರ್ಕಿತರಿಗೆ ತಡೆ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ.

ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತವೆಂದು ಹೆದರಿ ಮಾತ್ರೆ ಉಗುಳುವವರಿದ್ದಾರೆ, ಮೊದಲ ದಿನವೇ ಹೇಳಿ. ಎಚ್‌ಐವಿಗೆ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಾಗಿದ್ದರೆ ರಿಫಾಂಪಿಸಿನ್ ಜತೆ ಅದು ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ.

ಕೇಳಿದವರು:
ರೋಗಿಯನ್ನು ಎಲ್ಲಿಡುವುದು? ಖಾಲಿ ಇರುವುದು ಶಿಕ್ಷೆಯ ಸೆಲ್ ಒಂದೇ.

ಜೈಲು ವೈದ್ಯಾಧಿಕಾರಿ:
ಅಲ್ಲಿ ಬೇಡವೇ ಬೇಡ. ಕೆಮ್ಮಿದರೆ ಕತ್ತಲೆ ಸೆಲ್ ಎಂದು ಒಮ್ಮೆ ಬ್ಯಾರಕ್‌ಗೆ ಗೊತ್ತಾದರೆ ಆಮೇಲೆ ಯಾರೂ ಕೆಮ್ಮು ಒಪ್ಪಿಕೊಳ್ಳುವುದಿಲ್ಲ. ಸೋಂಕಿರುವಷ್ಟು ದಿನ ಪ್ರತ್ಯೇಕಿಸಿ ಚಿಕಿತ್ಸೆ ಕೊಡಬೇಕೆಂದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು ಹೇಳುತ್ತವೆ, ಅದನ್ನು ಶಿಕ್ಷೆಯಾಗಿಸಬಾರದು. ಎದುರುಬದುರು ಕಿಟಕಿಗಳಿರುವ ಕೋಣೆ ಹುಡುಕಿ. ಫ್ಯಾನನ್ನು ರೋಗಿಯ ಕಡೆಯಿಂದ ಹೊರಗಿನ ಕಿಟಕಿಗೆ ಗಾಳಿ ಹೋಗುವಂತೆ ತಿರುಗಿಸಿ. ಸರ್ಜಿಕಲ್ ಮಾಸ್ಕ್ ರೋಗಿಗೆ, ಎನ್95 ಒಳಹೋಗುವ ಸಿಬ್ಬಂದಿಗೆ. ಮನೆಯ ಪತ್ರ, ಭೇಟಿ, ಹಗಲಿನ ಬಯಲು ಯಾವುದನ್ನೂ ಕಡಿಯಬೇಡಿ.

ಬ್ಯಾರಕ್ ಕಿಟಕಿಗಳನ್ನೂ ನೋಡಿ. ಸೊಳ್ಳೆಗೋ ಚಳಿಗೋ ಗೋಣಿಚೀಲ ಕಟ್ಟಿರುತ್ತಾರೆ. ಬೈದು ಕೀಳಿಸಿದರೆ ರಾತ್ರಿ ಮತ್ತೆ ಕಟ್ಟುತ್ತಾರೆ, ಸೊಳ್ಳೆ ಜಾಲರಿ ಹಾಕಿಸಿ, ಇನ್ನೊಂದು ಕಂಬಳಿ ಕೊಡಿ. ಜಾಲರಿಯ ದೂಳನ್ನು ಆಗಾಗ ತೊಳೆಸಿ, ಕಟ್ಟಿಕೊಂಡರೆ ಗಾಳಿ ಆಡುವುದಿಲ್ಲ.

ನಿವೃತ್ತ ಜೈಲರ್:
ಬಾಗಿಲಲ್ಲೇ ಹಿಡಿಯುವುದು ಮುಖ್ಯ. ಕೋರ್ಟಿನಿಂದ ಹೊಸಬರು ಬರುವುದು ಸಂಜೆ, ಡಾಕ್ಟರು ಹೋದ ಮೇಲೆ. ಅವರನ್ನು ನೇರವಾಗಿ ಬ್ಯಾರಕ್‌ಗೆ ಬಿಡದೆ ಆ ರಾತ್ರಿಗೆ ಬೇರೆ ಕೋಣೆ ಇಟ್ಟುಕೊಳ್ಳಿ. ಬೆಳಿಗ್ಗೆ ತೂಕ ಬರೆದು, ಮೈ ಚರ್ಮ ನೋಡಿ, ಎಕ್ಸ್‌ರೇಗೆ ಹೆಸರು ಹಾಕಿ. ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿದರೆ ಬಾಯಿ ಬಿಡದವರ ಕಾಯಿಲೆಯೂ ಕಾಣುತ್ತದೆ. ಕ್ಷೌರಕ್ಕೆ ತಲೆಗೊಂದು ಹೊಸ ಬ್ಲೇಡ್, ಹೆಪಟೈಟಿಸ್ ಬಿ, ಸಿ ಹರಡುವುದು ಹಂಚಿಕೊಂಡ ಬ್ಲೇಡಿನಿಂದಲೂ ಹೌದು.

ಕ್ಷಯರೋಗ ಮೇಲ್ವಿಚಾರಕರು:
ಒಂದು ಬಿಟ್ಟುಹೋಗಿತ್ತು. ಚಿಕಿತ್ಸೆ 6 ತಿಂಗಳು, ಜಾಮೀನು ಯಾವ ಸಂಜೆ ಸಿಗುತ್ತದೋ ಗೊತ್ತಿರುವುದಿಲ್ಲ. ರೋಗಿಯ ನಿಕ್ಷಯ್ ಐಡಿ (ಸರ್ಕಾರದ ಟಿಬಿ ನೋಂದಣಿ ಸಂಖ್ಯೆ), ಊರಿನ ಆರೋಗ್ಯ ಕೇಂದ್ರದ ಹೆಸರು, ಕನಿಷ್ಠ ಒಂದು ವಾರದ ಮಾತ್ರೆ ಒಂದು ಲಕೋಟೆಯಲ್ಲಿ ಇವತ್ತೇ ಗೇಟಿನಲ್ಲಿಡಿ. ಬಿಡುಗಡೆಯ ಆದೇಶ ಬಂದ ತಕ್ಷಣ ನಿಮಗೆ ಫೋನ್ ಮಾಡುವಂತೆ ಗೇಟ್ ಸಿಬ್ಬಂದಿಗೆ ಹೇಳಿಡಿ.